ಮಂಗ ಸ್ಕ್ರೂ ಬಿಗಿಯುವುದಿಲ್ಲ

ಬ್ಯಾಡಗಿ ಮಾರುಕಟ್ಟೆಯಲ್ಲಿ ಯಾರನ್ನಾದರೂ ಕೇಳಿ, ಕಥೆ ಸಿದ್ಧವಾಗಿದೆ. ಸಾಹುಕಾರ ಚನ್ನವೀರಪ್ಪನವರ ಮೆಣಸಿನಕಾಯಿ ಒಣಗಿಸುವ ಕೋಣೆಯಲ್ಲಿ ಗ್ಯಾಸಿನ ಹೀಟರು ಹುಚ್ಚೆದ್ದು ಉರಿಯುತ್ತಿತ್ತಂತೆ. ಕದರಮಂಡಲಗಿ ಹನುಮಪ್ಪ ಮಂಗನ ರೂಪದಲ್ಲಿ ಬಂದು, ಗೋಡೆಯ ತಂತಿ ಕಿತ್ತು, ಬೆಂಕಿ ಆರಿಸಿ, ಮಾಲು ಉಳಿಸಿ ಹೋದನಂತೆ. ಹೇಳುವ ಬಾಯಿ ಬದಲಾದಂತೆ ಮಂಗನ ಗಾತ್ರವೂ ಬದಲಾಗುತ್ತದೆ. ಮೊದಲು ಮರಿ ಇತ್ತು, ಆಮೇಲೆ ಗಡವ ಆಯಿತು. ಹೋದ ಸಲ ಗುತ್ತಲದ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಂಗಸಿನ ಪ್ರಕಾರ ಅದರ ಕೈಯಲ್ಲಿ ಗದೆಯೂ ಇತ್ತು.

ನನಗೆ ಹನುಮಪ್ಪನ ಮೇಲೆ ತಕರಾರಿಲ್ಲ. ತಕರಾರು ಇರುವುದು ಸಾಕ್ಷಿಯ ಮೇಲೆ. ಆ ತಂತಿಯನ್ನು ಜೋಡಿಸಿದವಳು ನಾನು, ಆಮೇಲೆ ಅದರ ಡಬ್ಬಿಯ ಮುಚ್ಚಳ ಮೊದಲು ತೆಗೆದು ನೋಡಿದವಳೂ ನಾನೇ. ತಂತಿಯನ್ನು ಯಾರೂ ಕಿತ್ತಿರಲಿಲ್ಲ. ಸ್ಕ್ರೂ ಸಡಿಲಿಸಿ, ತಂತಿಯನ್ನು ಮೆಲ್ಲಗೆ ಹೊರಗೆ ತೆಗೆದು, ಪಕ್ಕಕ್ಕೆ ಬಾಗಿಸಿ, ಸ್ಕ್ರೂ ಬಿದ್ದು ಕಳೆಯಬಾರದೆಂದು ಮತ್ತೆ ಅದರ ತೂತಿನಲ್ಲೇ ಬಿಗಿದಿದ್ದರು. ಮಂಗ ತಂತಿ ಕೀಳಬಹುದು, ಒಪ್ಪುತ್ತೇನೆ. ಮಂಗ ಸ್ಕ್ರೂ ಬಿಗಿಯುವುದಿಲ್ಲ.

ನಾನು ಈಗ ಈ ಹೀಟರು ಕೂಡಿಸುವ ಕೆಲಸದಿಂದ ನಿವೃತ್ತೆ. ತಲೆಯಲ್ಲಿ ಒಂದೂ ಬಿಳಿ ಕೂದಲಿಲ್ಲದೆ ನಿವೃತ್ತಿ ಹೇಗೆ ಎಂದು ಕೇಳಬೇಡಿ. ಮೆಣಸಿನಕಾಯಿ ಬಿಡು, ಇಲ್ಲವೇ ಮೂಗು ಬಿಡು ಎಂದು ಹಾವೇರಿಯ ಡಾಕ್ಟರು ಹೇಳಿದರು. ಸೀನು ಶುರುವಾದರೆ ಏಣಿಯ ಮೇಲೆ ನಿಲ್ಲುವುದು ಕಷ್ಟ. ಏಣಿಯ ಮೇಲೆ ನಿಲ್ಲದವರಿಗೆ ಈ ಕೆಲಸ ಇಲ್ಲ. ಹೊಸದಾಗಿ ಐಟಿಐ ಮುಗಿಸಿ ಇದಕ್ಕೆ ಇಳಿಯುವವರು ಪುಸ್ತಕದಲ್ಲಿ ಓದಿರುವುದನ್ನು ನಾನು ಮತ್ತೆ ಹೇಳುವುದಿಲ್ಲ. ಪುಸ್ತಕ ಬರೆದವರು ಬ್ಯಾಡಗಿಗೆ ಬಂದಿರಲಿಲ್ಲ.

ಮೊದಲು ವಸ್ತುವಿನ ಪರಿಚಯ ಮಾಡಿಕೊಡುತ್ತೇನೆ. ಗ್ಯಾಸಿನ ಹೀಟರು ಎಂದರೆ ಸೂರಿನಿಂದ ತೂಗುಹಾಕಿದ ದೊಡ್ಡ ಟ್ರಂಕಿನಂಥ ಪೆಟ್ಟಿಗೆ. ಒಳಗೆ ಗ್ಯಾಸು ಉರಿಯುತ್ತದೆ, ಹಿಂದಿನ ಫ್ಯಾನು ಬಿಸಿಗಾಳಿಯನ್ನು ಕೋಣೆಗೆ ನೂಕುತ್ತದೆ, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಗೋಡೆಯ ಮೇಲೆ ಅಂಗೈಯಗಲದ ಇನ್ನೊಂದು ಡಬ್ಬಿ ಇರುತ್ತದೆ, ಅದು ಥರ್ಮೋಸ್ಟ್ಯಾಟು. ಕೋಣೆ ತಣ್ಣಗಾದರೆ ಅದು ಎರಡು ತಂತಿಗಳನ್ನು ಕೂಡಿಸಿ ‘ಉರಿ’ ಎನ್ನುತ್ತದೆ, ಕಾದರೆ ಬಿಡಿಸಿ ‘ಸಾಕು’ ಎನ್ನುತ್ತದೆ. ಹೀಟರು ಪೈಲ್ವಾನ, ಥರ್ಮೋಸ್ಟ್ಯಾಟು ಅವನ ಹೆಂಡತಿ ಎಂದು ಉಸ್ತಾದರು ಹೇಳುತ್ತಿದ್ದರು. ಹೆಂಡತಿಯನ್ನು ಎಲ್ಲಿ ಕೂಡಿಸಬೇಕೋ ಅಲ್ಲಿ ಕೂಡಿಸದಿದ್ದರೆ ಪೈಲ್ವಾನ ಮನೆ ಸುಡುತ್ತಾನೆ.

ಉಸ್ತಾದರು ಎಂದರೆ ಇಮಾಮಸಾಬರು. ರಾಣೆಬೆನ್ನೂರಿನಲ್ಲಿ ಸುಟ್ಟುಹೋದ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದವರು, ಆ ಸುತ್ತುವ ಯಂತ್ರವನ್ನೇ ಮಾರಿ ಹೀಟರಿನ ಕೆಲಸಕ್ಕೆ ಇಳಿದಿದ್ದರು. ನಾನು ಅವರ ಅಂಗಡಿಗೆ ಕೆಲಸ ಕೇಳಿಕೊಂಡು ಹೋದ ದಿನ, ಹೆಣ್ಣುಮಕ್ಕಳು ಏಣಿ ಹತ್ತಬಾರದು ಎಂದರು. ಕಾಲೇಜಿನ ಚರ್ಚಾಸ್ಪರ್ಧೆಯ ಕಪ್ಪುಗಳು ಮನೆಯಲ್ಲಿ ಧೂಳು ತಿನ್ನುತ್ತಿದ್ದವು. ಅವುಗಳಿಗೆ ಆ ದಿನ ಕೆಲಸ ಸಿಕ್ಕಿತು. ಎರಡು ಕಪ್ಪು ಚಹಾ ಮುಗಿಯುವಷ್ಟರಲ್ಲಿ ಉಸ್ತಾದರು ಸೋತರು. ಸೋತು, ನನಗೆ ವಕೀಲಬಾಯಿ ಎಂದು ಹೆಸರಿಟ್ಟರು. ಆಮೇಲೆ ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಮೂರು ಊರಿನಲ್ಲೂ ನನ್ನ ನಿಜವಾದ ಹೆಸರು ಯಾರಿಗೂ ಬೇಕಾಗಲಿಲ್ಲ.

ಅವರ ನಿಯಮಗಳು ಕೆಲವೇ. ಕೈ ಹಾಕುವ ಮುಂಚೆ ಗ್ಯಾಸೂ ಬಂದ್, ಕರೆಂಟೂ ಬಂದ್. ಬಂದ್ ಮಾಡಿದೆ ಎಂದು ಬೇರೆಯವರು ಹೇಳಿದರೆ ಅದು ಚಾಲೂ ಇದೆ ಎಂದೇ ತಿಳಿಯಬೇಕು. ಹೀಟರಿಗೆ ಅದರದೇ ಸ್ವಿಚ್ಚು, ಅದರ ಹತ್ತಿರವೇ, ಓಡಿಹೋಗಿ ಹುಡುಕುವಂತಿರಬಾರದು. ಅರ್ಥಿಂಗ್ ಇಲ್ಲದಿದ್ದರೆ ಹೀಟರನ್ನು ಲಾರಿಯಿಂದ ಇಳಿಸಲೂಬಾರದು. ಹೊಗೆಯ ಕೊಳವೆಗೆ ತಂತಿ ತಾಗಬಾರದು. ದೊಡ್ಡ ಕರೆಂಟಿನ ತಂತಿ, ಥರ್ಮೋಸ್ಟ್ಯಾಟಿನ ಸಣ್ಣ ಕರೆಂಟಿನ ತಂತಿ ಒಂದೇ ಪೈಪಿನಲ್ಲಿ ಹೋಗಬಾರದು. ಸಿಲಿಂಡರು ಕೋಣೆಯ ಹೊರಗಿರಬೇಕು, ಸೋರಿಕೆ ನೋಡಲು ಸಾಬೂನಿನ ನೊರೆ. ಕಡ್ಡಿ ಗೀರಿ ನೋಡುತ್ತೇನೆ ಎಂದವನ ಜೊತೆ ಅವರು ಚಹಾ ಕೂಡ ಕುಡಿಯುತ್ತಿರಲಿಲ್ಲ. ಎಲ್ಲಕ್ಕಿಂತ ಮೇಲಿನದು: ತಂತಿ ಎಲ್ಲಿ ಕಡಿದರೂ ಬೆಂಕಿ ಆರಬೇಕು, ಹೊತ್ತಬಾರದು. ನಾನು ಉಸ್ತಾದರ ಜೊತೆ ವಾದಿಸದೆ ಒಪ್ಪಿದ್ದು ಇದೊಂದನ್ನೇ.

ಥರ್ಮೋಸ್ಟ್ಯಾಟು ಎಲ್ಲಿರಬೇಕು ಎನ್ನುವುದನ್ನು ಕಲಿಸಿದ್ದು ರಾಣೆಬೆನ್ನೂರಿನ ಒಂದು ಬೀಜದ ಗೋದಾಮು. ಅಲ್ಲಿಯ ಮ್ಯಾನೇಜರರಿಗೆ ಆ ಡಬ್ಬಿ ತಮ್ಮ ಕುರ್ಚಿಯಿಂದ ಕಾಣಬೇಕಿತ್ತು. ಹಟ ಹಿಡಿದು ಬಾಗಿಲ ಪಕ್ಕದಲ್ಲೇ ಹಾಕಿಸಿಕೊಂಡರು. ವಾರ ಕಳೆಯುವುದರೊಳಗೆ ದೂರು ಬಂತು: ಚಹಾ ಬಂದಾಗಲೆಲ್ಲ ಹೀಟರು ಹೊತ್ತಿಕೊಳ್ಳುತ್ತದೆ. ನಾವು ಹೋಗಿ ಕೂತೆವು. ಚಹಾ ಬಂತು, ಹೀಟರು ಭುಸ್ಸೆಂದು ಹೊತ್ತಿತು. ಎರಡನೆಯ ಚಹಾ ಬಂತು, ಮತ್ತೆ ಭುಸ್ಸೆಂದಿತು. ಅದಕ್ಕೂ ಒಂದು ಕಪ್ಪು ಇಡಬೇಕೇನೋ ಎಂದು ಚಹಾ ತಂದವನು ಗಂಭೀರವಾಗಿಯೇ ಕೇಳಿದ. ಬಾಗಿಲು ತೆರೆದಾಗ ನುಗ್ಗುವ ತಂಪುಗಾಳಿ ನೇರ ಡಬ್ಬಿಯ ಮೇಲೆ ಬೀಳುತ್ತಿತ್ತು, ಅಷ್ಟೇ. ಬಾಗಿಲು, ಕಿಟಕಿ, ಬಿಸಿಲು ಬೀಳುವ ಗೋಡೆ, ಹೀಟರಿನ ಬಾಯಿಯ ಎದುರು, ಈ ನಾಲ್ಕೂ ಕಡೆ ಥರ್ಮೋಸ್ಟ್ಯಾಟು ಸುಳ್ಳು ಹೇಳುತ್ತದೆ. ಸುಳ್ಳು ಅದರದಲ್ಲ, ಕೂಡಿಸಿದವರದು.

ಹಾವೇರಿಯ ಕೋಳಿಮರಿ ಸಾಕುವ ಶೆಡ್ಡಿನದು ಇನ್ನೊಂದು ಬಗೆ. ಹೀಟರು ಹೊತ್ತುತ್ತಿತ್ತು, ಹತ್ತು ಎಣಿಸುವಷ್ಟರಲ್ಲಿ ಆರುತ್ತಿತ್ತು. ಯಾರದೋ ಕಣ್ಣು ಬಿದ್ದಿದೆ ಎಂದು ಮಾಲೀಕರು ಅದಕ್ಕೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಕಟ್ಟಿದ್ದರು. ಕಂಬದ ಮೇಲೆ ಸರ್ವಿಸ್ ತಂತಿ ಸರಿಮಾಡಿ ಹೋದವರು ಫೇಸನ್ನು ನ್ಯೂಟ್ರಲ್ಲಿನ ಜಾಗಕ್ಕೆ, ನ್ಯೂಟ್ರಲ್ಲನ್ನು ಫೇಸಿನ ಜಾಗಕ್ಕೆ ಹಾಕಿದ್ದರು. ಆಗ ಉರಿ ಇದ್ದರೂ ಅದು ಇಲ್ಲ ಎಂದೇ ಹೀಟರು ತಿಳಿಯುತ್ತದೆ. ಗ್ಯಾಸು ಸುಮ್ಮನೆ ಹರಿಯಬಾರದೆಂದು ತಾನೇ ಬಾಯಿ ಮುಚ್ಚಿಕೊಳ್ಳುತ್ತದೆ. ತಂತಿ ಅದಲುಬದಲು ಮಾಡಿದೆ, ಸರಿಹೋಯಿತು. ನಿಂಬೆಹಣ್ಣಿನ ಮಹಿಮೆ ಎಂದು ಮಾಲೀಕರು ಕೈಮುಗಿದರು. ನಾನು ವಾದಕ್ಕೆ ನಿಂತೆ. ಉಸ್ತಾದರು ನನ್ನನ್ನು ಸಾಮಾನಿನ ಚೀಲದ ಜೊತೆ ಎಳೆದುಕೊಂಡು ಬಸ್ಸು ಹತ್ತಿಸಿದರು.

ಬ್ಯಾಡಗಿಗೆ ಬರೋಣ.

ಬ್ಯಾಡಗಿಯ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣವೇ ಮರ್ಯಾದೆ. ಆ ಕೆಂಪನ್ನು ಕಣದಲ್ಲಿ, ಬಿಸಿಲಿನಲ್ಲಿ ಒಣಗಿಸಿಯೇ ಉಳಿಸಬೇಕು ಎಂದು ಇಡೀ ಮಾರುಕಟ್ಟೆ ನಂಬಿತ್ತು. ಆ ವರ್ಷ ಸುಗ್ಗಿಯ ನಡುವೆ ಮೋಡ ಕವಿದು ಬಿಸಿಲೇ ಇಲ್ಲವಾಯಿತು. ಒದ್ದೆ ಮಾಲು ಬಂದು ಬಿತ್ತು. ಸಾಹುಕಾರ ಚನ್ನವೀರಪ್ಪನವರು ಧೈರ್ಯ ಮಾಡಿ ಒಂದು ಕೋಣೆಯನ್ನು ನಮಗೆ ಬಿಟ್ಟುಕೊಟ್ಟರು. ಆ ಮಾರುಕಟ್ಟೆಗೆ ಅದೇ ಮೊದಲ ಹೀಟರು. ಮೊದಲ ಕೋಣೆಯ ಮಾಲು ಕೆಂಪಾಗಿ ಹೊರಬಂದರೆ ಉಸ್ತಾದರ ಕೆಲಸ ಉಳಿಯುತ್ತದೆ. ಕಪ್ಪಾದರೆ ಬ್ಯಾಡಗಿಯಲ್ಲಿ ಇನ್ನು ಯಾರೂ ಅವರನ್ನು ಒಳಗೆ ಕರೆಯುವುದಿಲ್ಲ. ವಾಪಸು ಹೋಗಿ ಮೋಟಾರು ಸುತ್ತೋಣವೆಂದರೆ ಸುತ್ತುವ ಯಂತ್ರವೂ ಇಲ್ಲ.

ನಮ್ಮ ಎದುರುಪಕ್ಷ ಸಾಹುಕಾರರ ತಾಯಿ ಗೌರವ್ವ. ಹಣೆಗೆ ವಿಭೂತಿ, ಸೊಂಟಕ್ಕೆ ಎಲೆಯಡಿಕೆಯ ಸಂಚಿ, ಬಾಗಿಲಿಗೆ ಅಡ್ಡವಾಗಿ ಒಂದು ಮಣೆ. ನನ್ನ ಕಾಲೇಜಿನ ಯಾವ ಸ್ಪರ್ಧೆಯಲ್ಲೂ ಅಂಥ ಪ್ರತಿವಾದಿ ಸಿಕ್ಕಿರಲಿಲ್ಲ. ಹಮಾಲರು, ಪಕ್ಕದ ಅಂಗಡಿಯವರು ಎಲ್ಲ ಸೇರಿದ್ದಾಗ ಮಗನಿಗೆ ಕೇಳುವಂತೆ ಹೇಳಿದಳು:

“ಬಿಸಲಾಗ ಒಣಗಿದ್ದು ಮೆಣಸಿನಕಾಯಿ. ಬೆಂಕ್ಯಾಗ ಒಣಗಿದ್ದು ಬೂದಿ, ತಮ್ಮಾ. ಮಾಲು ಕೆಂಪ ಉಳೀತಂದ್ರ ನಾ ಬಾಯಿ ಮುಚ್ತೇನಿ. ಕಪ್ಪಾತಂದ್ರ ಈ ಡಬ್ಬಿ ನನ್ನ ಮನ್ಯಾಗಿಂದ ಹೋಗಬೇಕು ನೋಡಪಾ.”

ಸಾಹುಕಾರರು ಹೂಂ ಎಂದರು. ತಾಯಿಯ ಎದುರು ಅವರ ಪದಕೋಶದಲ್ಲಿ ಇದ್ದದ್ದು ಅದೊಂದೇ ಶಬ್ದ.

ಥರ್ಮೋಸ್ಟ್ಯಾಟಿನ ಜಾಗಕ್ಕಾಗಿ ನನಗೂ ಉಸ್ತಾದರಿಗೂ ಅರ್ಧ ದಿನ ಜಗಳವಾಯಿತು. ಯಾರ ಕೈಗೂ ಸಿಗದಂತೆ ಮೇಲೆ ಹಾಕೋಣ ಎಂಬುದು ಅವರ ಮಾತು. ಬಿಸಿಗಾಳಿ ಮೇಲಕ್ಕೇರುತ್ತದೆ, ಮೆಣಸಿನಕಾಯಿಯ ತಟ್ಟೆಗಳು ಎದೆಯ ಮಟ್ಟದಲ್ಲಿವೆ, ಸೂರಿನ ಸುದ್ದಿ ಕೇಳಿ ಎದೆಯನ್ನು ಒಣಗಿಸಲಾಗುತ್ತದೆಯೇ ಎಂಬುದು ನನ್ನ ಮಾತು. ನಾನೇ ಗೆದ್ದೆ. ಒಳಗೋಡೆ, ಎದೆಯ ಎತ್ತರ, ಬಾಗಿಲಿನಿಂದ ದೂರ, ಬಿಸಿಗಾಳಿಯ ದಾರಿಯಿಂದ ಪಕ್ಕಕ್ಕೆ. ಇವತ್ತಿಗೂ ಆ ಜಾಗ ಸರಿಯೇ ಎನ್ನುತ್ತೇನೆ.

ನಾನು ತಂತಿ ಸೇರಿಸುವಾಗ ಗೌರವ್ವ ಮಣೆ ಎತ್ತಿಕೊಂಡು ಒಳಗೇ ಬಂದು ಕೂತಳು. ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸುತ್ತ, ಕಣ್ಣು ನನ್ನ ಬೆರಳ ಮೇಲೆ.

“ಯವ್ವಾ ವಕೀಲಬಾಯಿ, ಈ ಎಳಿ ತಗದ್ರ ಏನಾಕ್ಕತಿ?”

“ಉರಿ ಆರತೈತ್ರಿ ಅಮ್ಮಾರ.”

“ಢಂ ಅನ್ನೂದಿಲ್ಲಾ?”

“ಇಲ್ರಿ. ತಂತಿ ಬಿಟ್ರ ಒಲಿ ಆರಬೇಕು, ಹಂಗ ಜೋಡಿಸೇವಿ.”

“ಮತ್ತ ಮುಟ್ಟಿದವ್ರಿಗೆ ಜುಮ್ ಅನ್ನೂದಿಲ್ಲಾ?”

“ಇದ್ರಾಗ ಬರೂದು ಸಣ್ಣ ಕರೆಂಟ್ರಿ. ಹೀಟರಿನ ಪೆಟಿಗ್ಯಾಗ ಮಾತ್ರ ಕೈ ಹಾಕಬಾರದು.”

ಅವಳು ಅಡಿಕೆ ಬಾಯಿಗೆ ಹಾಕಿಕೊಂಡು, ಹಂಗ್ಯಾ ಎಂದಳು. ಆ ‘ಹಂಗ್ಯಾ’ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಮುದುಕಿ ಹೀಟರು ಕೆಡಿಸುವ ದಾರಿ ಕೇಳಿ ತಿಳಿದುಕೊಂಡಳು, ಅವಳ ಮೇಲೆ ಕಣ್ಣಿಡಬೇಕು ಎಂದು ಹೊರಗೆ ಬಂದು ಉಸ್ತಾದರ ಕಿವಿಯಲ್ಲಿ ಹೇಳಿದೆ. ಕೆಡಿಸಬೇಕೆಂದಿದ್ದರೆ ಕೇಳಬೇಕಿತ್ತೇ, ಒಂದು ಕೊಡ ನೀರು ಸಾಲದೇ ಎಂದರು ಅವರು.

ಮರುದಿನ ಬೆಳಿಗ್ಗೆ ತಟ್ಟೆ ತುಂಬಿಸಿ ಹೀಟರು ಹೊತ್ತಿಸಿದೆವು. ಕೋಣೆ ಹದಕ್ಕೆ ಬಂದು, ಉರಿ ತಾನಾಗಿ ಆರಿ, ತಾನಾಗಿ ಹೊತ್ತುವುದನ್ನು ನೋಡಿ, ಹೊಗೆಯ ಕೊಳವೆಗೆ ಆಸರೆಯಾಗಿ ಇನ್ನೊಂದು ಕಬ್ಬಿಣದ ಪಟ್ಟಿ ಮಾಡಿಸಲು ಸ್ಟೇಷನ್ ಹತ್ತಿರದ ವೆಲ್ಡಿಂಗ್ ಅಂಗಡಿಗೆ ಹೋದೆವು. ನಮಗಿಂತ ಮೊದಲು ಬಂದವರ ಕೆಲಸ ಮುಗಿಯದೆ ಅಲ್ಲಿ ಹೊತ್ತಾಯಿತು. ವಾಪಸು ಬಂದಾಗ ಅಂಗಳದ ತುಂಬ ಜನ. ತಗಡಿನ ಮೇಲೆ ಒಂದು ಮಂಗ ಕೂತು ಬಾಳೆಹಣ್ಣು ಸುಲಿಯುತ್ತಿತ್ತು. ಅದಕ್ಕೆ ಆಗಲೇ ಒಬ್ಬರು ಊದಿನಕಡ್ಡಿ ಬೆಳಗುತ್ತಿದ್ದರು.

ಉಸ್ತಾದರು ಯಾರನ್ನೂ ಮಾತಾಡಿಸದೆ ಒಳಗೆ ಓಡಿದರು. ಹಿಂದೆ ನಾನು. ಒಲೆ ಆರಿತ್ತು. ಆದರೂ ಒಳಗಿನ ಗಾಳಿ ಮುಖಕ್ಕೆ ರಪ್ಪೆಂದು ಹೊಡೆಯಿತು. ಇರಬೇಕಾದ್ದಕ್ಕಿಂತ ಎಷ್ಟೋ ಬಿಸಿ. ಅವರು ಮೇಲಿನ ತಟ್ಟೆಯಿಂದ ಒಂದು ಹಿಡಿ ತೆಗೆದು ಬಾಗಿಲ ಬೆಳಕಿಗೆ ತಂದರು. ಒಂದೊಂದನ್ನೇ ತಿರುಗಿಸಿ ನೋಡಿದರು. ತುದಿಗಳು ಕಂದಲು ಶುರುವಾಗಿದ್ದವು, ಅಷ್ಟೇ. ಕೆಳಗಿನ ತಟ್ಟೆಗಳೆಲ್ಲ ಕುಂಕುಮದ ಹಾಗಿದ್ದವು. ಇನ್ನೂ ಸ್ವಲ್ಪ ಹೊತ್ತು ಉರಿದಿದ್ದರೆ ಕೋಣೆಗೆ ಕೋಣೆಯೇ ಕಪ್ಪು.

ಸಾಕ್ಷಿಗಳನ್ನು ಒಂದೊಂದಾಗಿ ನೋಡಿ. ಥರ್ಮೋಸ್ಟ್ಯಾಟಿನ ಮೇಲ್ಮುಚ್ಚಳ ಒದ್ದೆ, ಅದರ ಮೇಲೆ ಮೆಣಸಿನಪುಡಿಯ ಕೆಂಪು. ಪಕ್ಕದ ಚೀಲದ ಮೇಲೆ ಮೂರು ಒದ್ದೆ ಟವೆಲ್ಲು, ಅಚ್ಚುಕಟ್ಟಾಗಿ ಮಡಚಿಟ್ಟದ್ದು. ಮುಚ್ಚಳ ತೆಗೆದರೆ ಒಳಗೆ ನಾನು ಮೊದಲೇ ಹೇಳಿದ ಬಿಚ್ಚಿದ ತಂತಿ, ಬಿಗಿದ ಸ್ಕ್ರೂ. ಸ್ಕ್ರೂವಿನ ತಲೆಯ ಮೇಲೆ ಒಂದಿಷ್ಟು ಸುಣ್ಣ.

ಹಮಾಲರ ಮುಖಂಡ ಫಕ್ಕೀರಪ್ಪನನ್ನು ಕರೆದು ಟವೆಲ್ಲು ಯಾರದು ಎಂದೆ. ತಮ್ಮದೇ ಎಂದು ಒಪ್ಪಿದ. ಮೆಣಸಿನ ಘಾಟಿಗೆ ಹಮಾಲರು ಟವೆಲ್ಲು ನೀರಲ್ಲಿ ಅದ್ದಿ ಮೂಗಿಗೆ ಕಟ್ಟಿಕೊಳ್ಳುತ್ತಾರೆ, ಊಟಕ್ಕೆ ಹೋಗುವಾಗ ಬಿಚ್ಚಿ ತೂಗುಹಾಕುತ್ತಾರೆ. ಸಾಹುಕಾರರ ಹೊಸ ಗಿಲಾವಿನ ಗೋಡೆಗೆ ಒಂದು ಮೊಳೆಯೂ ಇರಲಿಲ್ಲ. ಇದ್ದದ್ದು ಎದೆಯ ಎತ್ತರಕ್ಕೆ, ಕೈಗೆ ಸರಿಯಾಗಿ ಸಿಗುವಂತೆ ನಾನು ವಾದಿಸಿ ಗೆದ್ದ ಆ ಡಬ್ಬಿ. ಒದ್ದೆ ಬಟ್ಟೆ ಹೊದ್ದ ಥರ್ಮೋಸ್ಟ್ಯಾಟು ಚಳಿ ಚಳಿ ಎಂದು ಕೂಗುತ್ತಲೇ ಇತ್ತು, ಹೀಟರು ಉರಿಯುತ್ತಲೇ ಇತ್ತು. ಹೀಟರಿನೊಳಗೆ ಇನ್ನೊಂದು ರಕ್ಷಣೆಯ ಸ್ವಿಚ್ಚು ಇರುತ್ತದೆ, ಆದರೆ ಅದು ಹೀಟರು ತಾನು ಸುಡದಂತೆ ಕಾಯುತ್ತದೆ. ಮೆಣಸಿನಕಾಯಿಯ ಚಿಂತೆ ಅದಕ್ಕಿಲ್ಲ.

ಅದಕ್ಕೆ ಯಾಕಪ್ಪಾ ಹಾಕಿದಿರಿ ಎಂದರೆ ಫಕ್ಕೀರಪ್ಪ ನನ್ನನ್ನೇ ಕೇಳಿದ, “ಅದು ಗೂಟ ಅಲ್ಲೇನ್ರಿ ಮತ್ತ? ನಾ ನೀವು ನಮ್ ಸಲುವಾಗೇ ಬಡದೀರಿ ಅಂತ ತಿಳದಿದ್ದೆ.”

ಸ್ಕ್ರೂ ಬಿಚ್ಚಿದವರು ಯಾರು ಎಂದೆ.

“ನಾವು ಉಂಡು ಬಂದ್ವಿ. ಮ್ಯಾಲ ಮಂಗ್ಯಾ ಕುಂತಿತ್ತು. ಒಳಗ ಉರಿ ಆರಿತ್ತು. ಇನ್ನೇನ್ ಹೇಳ್ಬೇಕ್ರಿ?”

ಮಂಗ ಇತ್ತು, ಉರಿ ಆರಿತ್ತು, ಆದ್ದರಿಂದ ಮಂಗವೇ ಆರಿಸಿತು. ಇದೇ ತರ್ಕದಲ್ಲಿ ಅಂಗಳದಲ್ಲಿ ಒಂದು ಕತ್ತೆಯೂ ಇತ್ತು, ಅದಕ್ಕೆ ಯಾಕೆ ಊದಿನಕಡ್ಡಿ ಇಲ್ಲ ಎಂದು ಕೇಳಿದೆ. ಕತ್ತೆಯ ಯಜಮಾನ ಮಾತ್ರ ಸ್ವಲ್ಪ ಯೋಚಿಸಿದ.

ಸುಣ್ಣದ ಸಾಕ್ಷಿ ಹಿಡಿದು ಹೊರಟರೆ ಇನ್ನೂ ಫಜೀತಿ. ಫಕ್ಕೀರಪ್ಪನ ಅಂಗೈಯಲ್ಲಿ ಸುಣ್ಣ ತಂಬಾಕು. ಸಾಹುಕಾರರ ಬಾಯಲ್ಲಿ ಎಲೆ. ಉಸ್ತಾದರ ಜೇಬಿನಲ್ಲೂ ಸುಣ್ಣದ ಡಬ್ಬಿ; ಅವರು ನನ್ನ ಜೊತೆಗೇ ಇದ್ದರು ಎಂಬ ಒಂದೇ ಕಾರಣಕ್ಕೆ ಬಿಟ್ಟೆ. ಬ್ಯಾಡಗಿಯಲ್ಲಿ ಸುಣ್ಣ ಹತ್ತದ ಬೆರಳು ಇದ್ದದ್ದು ನನ್ನದೊಂದೇ, ಮತ್ತು ಆ ಮಂಗನದು.

ಸಂಜೆಯ ಹೊತ್ತಿಗೆ, ತಂತಿ ಮತ್ತೆ ಸೇರಿಸಿ ಒಣಗಿಸಿದ ಮಾಲನ್ನು ಅಂಗಳದಲ್ಲಿ ಸುರಿದರು. ಸುತ್ತಲಿನ ವ್ಯಾಪಾರಿಗಳು ಮುರಿದು, ಮೂಸಿ, ಬೆಳಕಿಗೆ ಹಿಡಿದು ನೋಡಿದರು. ಕೆಂಪು. ಗೌರವ್ವನೂ ಒಂದನ್ನು ಎತ್ತಿಕೊಂಡು ಸೆರಗಿಗೆ ಒರೆಸಿ ನೋಡಿದಳು. ಕೊಟ್ಟ ಮಾತಿನಂತೆ ಬಾಯಿ ಮುಚ್ಚಿದಳು. ಉಸ್ತಾದರು ಅಲ್ಲೇ ಚೀಲದ ಮೇಲೆ ಕೂತು ಟೋಪಿ ತೆಗೆದು ಮುಖ ಒರೆಸಿಕೊಂಡರು, ಬಹಳ ಹೊತ್ತು ಒರೆಸಿಕೊಂಡರು.

ಮುಂದಿನ ವಾರ ಸಾಹುಕಾರರು ಕದರಮಂಡಲಗಿಗೆ ಹೋಗಿ ಕಾಯಿ ಒಡೆಸಿ ಬಂದರು. ಹನುಮಪ್ಪ ಕಾಯುವ ಹೀಟರು ನಮಗೂ ಬೇಕು ಎಂದು ವ್ಯಾಪಾರಿಗಳು ಉಸ್ತಾದರನ್ನು ಹುಡುಕಿಕೊಂಡು ಬಂದರು. ನಾನು ಒಬ್ಬೊಬ್ಬರಿಗೂ ಸ್ಕ್ರೂವಿನ ಸಂಗತಿ ಬಿಡಿಸಿ ಹೇಳತೊಡಗಿದೆ. ಉಸ್ತಾದರು ನನ್ನನ್ನು ಅಂಗಡಿಯ ಹಿಂದಕ್ಕೆ ಕರೆದರು.

“ವಕೀಲಬಾಯಿ, ನೀ ಹೇಳೂದು ಖರೇ ಐತಿ. ಆದ್ರ ಈ ಒಂದ್ ಖಟ್ಲೆ ಸೋಲವಾ. ನೀ ಗೆದ್ದಷ್ಟೂ ನಮಗ ಒಲಿ ಕಡಿಮಿ ಆಗಾಕತ್ತಾವ.”

ಸೋಲಲಿಲ್ಲ, ಸುಮ್ಮನಾದೆ. ಎರಡಕ್ಕೂ ವ್ಯತ್ಯಾಸವಿದೆ.

ಆಮೇಲೆ ಮಜಾ ನೋಡಿ. ನಾವು ಹೀಟರು ಹಾಕಿದ ಎರಡನೆಯ ವ್ಯಾಪಾರಿಯ ಕೋಣೆಯಿಂದ ದೂರು ಬಂತು: ಹೀಟರು ಹೊತ್ತುತ್ತಲೇ ಇಲ್ಲ. ಹೋಗಿ ನೋಡಿದರೆ ಥರ್ಮೋಸ್ಟ್ಯಾಟಿನ ಮೇಲೆಯೇ ಹನುಮಪ್ಪನ ಫೋಟೋ, ಅದರ ಕೆಳಗೆ ಎಣ್ಣೆದೀಪ. ದೀಪದ ಶಾಖಕ್ಕೆ ಡಬ್ಬಿ ಸಾಕು ಸಾಕು ಎನ್ನುತ್ತಿತ್ತು, ಮೆಣಸಿನಕಾಯಿ ಒದ್ದೆಯಾಗಿ ಕೂತಿತ್ತು. ಗ್ಯಾಸಿರುವ ಕೋಣೆಯಲ್ಲಿ ಬತ್ತಿ ಹಚ್ಚಿದ್ದಕ್ಕೆ ಉಸ್ತಾದರು ಮೊದಲ ಸಲ ಗಿರಾಕಿಯ ಮೇಲೆ ದನಿ ಏರಿಸಿದರು. ಟವೆಲ್ಲಿನಿಂದ ಸುಡುತ್ತದೆ, ದೇವರಿಂದ ಆರುತ್ತದೆ. ನಮ್ಮ ಥರ್ಮೋಸ್ಟ್ಯಾಟಿಗೆ ಭಕ್ತರೂ ಶತ್ರುಗಳೂ ಒಂದೇ ಜಾಗದಲ್ಲಿ ಕೈ ಹಾಕುತ್ತಿದ್ದರು.

ಅಂದಿನಿಂದ ನಮ್ಮ ಪದ್ಧತಿ ಬದಲಾಯಿತು. ಥರ್ಮೋಸ್ಟ್ಯಾಟು ಅದೇ ಎತ್ತರದಲ್ಲಿ, ಆದರೆ ಸುತ್ತ ಗಾಳಿಯಾಡುವ ಜಾಳಿಗೆಯ ಪಂಜರ, ಅದರ ತಲೆ ಇಳಿಜಾರು. ಏನು ಹಾಕಿದರೂ ಜಾರಿ ಬೀಳಬೇಕು. ಹೀಟರಿಗೆ ತಂತಿ ಎಳೆಯುವ ಮುಂಚೆ ಬಾಗಿಲ ಹೊರಗಿನ ಗೋಡೆಗೆ ಎರಡು ಗಟ್ಟಿ ಮೊಳೆ: ಒಂದು ಟವೆಲ್ಲಿಗೆ, ಒಂದು ದೇವರಿಗೆ. ಆಮೇಲೆ ಅಂಕಿ ತೋರಿಸುವ ಹೊಸ ಥರ್ಮೋಸ್ಟ್ಯಾಟುಗಳು ಬಂದವು. ಮೊಳೆ ಹೊಡೆಯುವುದನ್ನು ನಾವು ಬಿಡಲಿಲ್ಲ. ಈ ಕೆಲಸಕ್ಕೆ ಬರುವವರೇ, ನಿಮ್ಮ ಪುಸ್ತಕದಲ್ಲಿ ಆ ಎರಡು ಮೊಳೆ ಇಲ್ಲ. ಬರೆದುಕೊಳ್ಳಿ.

ಕೆಲಸ ಬಿಟ್ಟ ಮೇಲೆ ಒಮ್ಮೆ ಗೌರವ್ವನ ಮನೆಗೆ ಹೋದೆ. ಕಣ್ಣು ಮಂಜಾಗಿದ್ದರೂ ನನ್ನ ಸೀನು ಕೇಳಿಯೇ ಗುರುತು ಹಿಡಿದಳು.

“ಏನವಾ, ಮಂಗ್ಯಾನ ಖಟ್ಲೆ ಇನ್ನೂ ಮುಗೀಲಿಲ್ಲೇನ?”

ಮುಗಿದಿಲ್ಲ ಎಂದೆ. ಆ ಹೊತ್ತಿನಲ್ಲಿ ಹಮಾಲರು ಊಟಕ್ಕೆ ಹೋಗಿದ್ದರು, ಸಾಹುಕಾರರು ಮಾರುಕಟ್ಟೆಗೆ ಹೋಗಿದ್ದರು, ಬಾಗಿಲಿಗೆ ಅಡ್ಡವಾಗಿ ಒಂದು ಮಣೆ ಮಾತ್ರ ಇತ್ತು ಎಂದು ಜ್ಞಾಪಿಸಿದೆ. ಅವಳು ಸಂಚಿ ಬಿಚ್ಚಿದಳು. ಎಲೆ ತೆಗೆದು ತೊಡೆಗೆ ಒರೆಸಿದಳು. ಸುಣ್ಣದ ಡಬ್ಬಿಗೆ ಸರಪಳಿಯಿಂದ ತೂಗುತ್ತಿದ್ದ ಸಣ್ಣ ಹಿತ್ತಾಳೆ ಕಡ್ಡಿಯಿಂದ ಸುಣ್ಣ ತೆಗೆದು ಎಲೆಗೆ ಸವರಿದಳು. ಅದರ ತುದಿ ಚಪ್ಪಟೆಯಾಗಿತ್ತು, ಸ್ಕ್ರೂವಿನ ಗೀಟಿಗೆ ಹೇಳಿ ಮಾಡಿಸಿದಂತೆ. ನಾನು ನೋಡುತ್ತಿರುವುದನ್ನು ಅವಳೂ ನೋಡಿದಳು. ಎಲೆ ಮಡಚಿ ಬಾಯಿಗಿಟ್ಟು, ಮುಸಿಮುಸಿ ನಗುತ್ತ ಅಗಿಯತೊಡಗಿದಳು.

ನಾನು ಎಷ್ಟೋ ವಾದ ಗೆದ್ದಿದ್ದೇನೆ. ಗೆಲ್ಲುವ ವಾದವನ್ನು ಕೈಯಾರೆ ಬಿಟ್ಟುಕೊಟ್ಟವರನ್ನು ಮಾತ್ರ ನೋಡಿಲ್ಲ. ಅದಕ್ಕೇ ಕೇಳಿದೆ:

“ಅಮ್ಮಾರ, ಇನ್ನೊಂದೀಟು ಹೊತ್ತು ಸುಮ್ನ ಕುಂತಿದ್ರ ಮಾಲು ಕಪ್ಪಾಕ್ಕಿತ್ತು, ನೀವು ಗೆಲ್ತಿದ್ರಿ. ಯಾಕ ಎದ್ರಿ?”

“ಖಟ್ಲೆ ನಂದು ಖರೇ ಯವ್ವಾ, ಆದ್ರ ಸುಡೂ ಮೆಣಸಿನಕಾಯಿನೂ ನನ್ನ ಮನೀದ ಅಲ್ಲೇನ?”